ಕೊಡೆ ಹಿಡಿಯಲು ಮೂರನೆಯವರು

"ಗ್ರಾಹಕರ ಹೆಚ್ಚಿನ ಅನುಕೂಲಕ್ಕಾಗಿ ನೆಟ್ ಬ್ಯಾಂಕಿಂಗ್ ಸೌಲಭ್ಯವನ್ನು ನಿಲ್ಲಿಸಲಾಗಿದೆ." ತೋಟದ ಸಾಮಾನು ಮಾರುವ ಆನ್‌ಲೈನ್ ಅಂಗಡಿಯೊಂದರ ಪ್ರಕಟಣೆ ಇದು. ನಮಗೆ ಅನುಕೂಲ ಜಾಸ್ತಿಯಾದಾಗಲೆಲ್ಲ ಏನೋ ಒಂದು ಬಾಗಿಲು ಮುಚ್ಚಿರುತ್ತದೆ, ಅಲ್ವಾ?

ಅವರ ಹಳೇ ಬ್ಯಾಂಕ್ ಪಟ್ಟಿಯೂ ತಮಾಷೆಯದೇ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ವಿಲೀನವಾಯಿತು, ವಿಜಯಾ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲಿ. ಈ ಪಟ್ಟಿಯಲ್ಲಿ ಮಾತ್ರ ನಾಲ್ಕೂ ಗಟ್ಟಿಮುಟ್ಟಾಗಿದ್ದವು. ಇಲ್ಲದ ಬ್ಯಾಂಕುಗಳನ್ನು ಇಷ್ಟು ವರ್ಷ ಸಾಕಿದವರು, ಇರುವ ಬ್ಯಾಂಕುಗಳನ್ನೂ ಸೇರಿಸಿ ಒಂದೇ ಏಟಿಗೆ ಅಳಿಸಿಬಿಟ್ಟರು.

ಬದಲಿಗೆ ಬಂದದ್ದು ಕ್ಯೂಆರ್ ಕೋಡ್. ಆರ್ಡರ್ ಮಾಡುವುದು ಫೋನಿನಲ್ಲಿ. ಕೋಡ್ ಕಾಣುವುದು ಅದೇ ಫೋನಿನಲ್ಲಿ. ಸ್ಕ್ಯಾನ್ ಮಾಡಬೇಕಾದ್ದೂ ಅದೇ ಫೋನಿನಿಂದ. ಮೇಲೊಂದು ಗಡಿಯಾರ, ಐದು ನಿಮಿಷದಿಂದ ಹಿಂದಕ್ಕೆ ಓಡುತ್ತಿರುತ್ತದೆ.

ಭಾಗಮಂಡಲದ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರೂ ಮಲಗುತ್ತದೆ. ರೇಂಜ್ ಬೇಕೆಂದರೆ ಗುಡ್ಡ ಹತ್ತಬೇಕು. ಈಗ ಒಬ್ಬರೇ ಹತ್ತಿದರೆ ಸಾಲದು. ಆರ್ಡರ್ ಮಾಡಲು ಒಬ್ಬರು, ಸ್ಕ್ಯಾನ್ ಮಾಡಲು ಇನ್ನೊಂದು ಫೋನಿನವರು, ಇಬ್ಬರಿಗೂ ಕೊಡೆ ಹಿಡಿಯಲು ಮೂರನೆಯವರು. ಇಷ್ಟು ಜನ ಸೇರಿ ತರಿಸುವುದು ಕಳೆ ಕೊಚ್ಚುವ ಮಷಿನ್ನಿನ ಒಂದು ಬ್ಲೇಡು.

ನಮ್ಮಲ್ಲಿ ಮಾತ್ರ ಹೀಗೆ ಅಂತ ಬೇಜಾರು ಬೇಡ. ಜರ್ಮನಿಯ ಬ್ಯಾಂಕುಗಳು ಆನ್‌ಲೈನ್ ಅಂಗಡಿಗೆ ಬ್ಯಾಂಕ್ ಖಾತೆಯಿಂದಲೇ ದುಡ್ಡು ಕೊಡಲು 2006ರಲ್ಲಿ ಶುರು ಮಾಡಿದ್ದ ಗಿರೋಪೇ ಎಂಬ ಸೌಲಭ್ಯವನ್ನು 2024ರ ಡಿಸೆಂಬರ್ 31ಕ್ಕೆ ಮುಚ್ಚಿದವು. ಅದರ ಜಾಗಕ್ಕೆ ಬರಬೇಕಿದ್ದ ವೆರೋ ಎಂಬ ಹೊಸ ಪಾವತಿ ಸೌಲಭ್ಯದಲ್ಲಿ ಆಗ ಗೆಳೆಯರಿಗೆ ದುಡ್ಡು ಕಳಿಸಬಹುದಿತ್ತು, ಆನ್‌ಲೈನ್ ಅಂಗಡಿಗೆ ಕೊಡುವಂತಿರಲಿಲ್ಲ. ಮಡಿಕೇರಿಗೂ ಬರ್ಲಿನ್ನಿಗೂ ಕೊನೆಗೂ ಒಂದು ಹೋಲಿಕೆ ಸಿಕ್ಕಿತು.

ಕ್ಯೂಆರ್ ಆಗದವರಿಗೂ ಅಂಗಡಿ ದಾರಿ ತೋರಿಸಿದೆ. ಅವರ ಖಾತೆ ನಂಬರನ್ನು ಬರೆದುಕೊಳ್ಳಿ, ನೆಫ್ಟ್ ಮಾಡಿ, ಸ್ಕ್ರೀನ್‌ಶಾಟನ್ನು ವಾಟ್ಸಾಪ್ ಮಾಡಿ. ಅಂದರೆ ಮೊದಲು ಯಂತ್ರ ತಾನೇ ಮಾಡುತ್ತಿದ್ದ ಕೆಲಸವನ್ನು ಈಗ ನಾವು ಮಾಡಬೇಕು. ಇದಕ್ಕೆ 'ಅಪ್‌ಗ್ರೇಡ್' ಅಂತ ಹೆಸರು. 2019ರ ಡಿಸೆಂಬರ್‌ನಿಂದ ನೆಫ್ಟ್ ದಿನದ 24 ಗಂಟೆಯೂ ನಡೆಯುತ್ತದೆ, ಭಾನುವಾರವೂ ಬಿಡುವಿಲ್ಲ. ವಾಟ್ಸಾಪ್ ನೋಡುವ ಹುಡುಗ ಮಾತ್ರ ಹತ್ತರಿಂದ ಐದು, ನಡುವೆ ಊಟ. ಬ್ಯಾಂಕ್ ಖುದ್ದಾಗಿ ದುಡ್ಡು ಜಮಾ ಆಗಿದೆ ಅಂದರೂ ಅವರು ನಂಬುವುದಿಲ್ಲ. ಯಾವ ಸ್ಕೂಲ್ ಹುಡುಗನಾದರೂ ತಿದ್ದಬಹುದಾದ ಸ್ಕ್ರೀನ್‌ಶಾಟನ್ನು ಕಣ್ಣು ಮುಚ್ಚಿ ನಂಬುತ್ತಾರೆ.

ನಮ್ಮ ಪಕ್ಕದ ತೋಟದವರು ದುಡ್ಡು ಕಳಿಸಿ, ಸ್ಕ್ರೀನ್‌ಶಾಟನ್ನೂ ಕಳಿಸಿ ಕಾದರು. ಕಳೆ ಮೊಣಕಾಲಿಗೆ ಬಂದ ಮೇಲೆ ಗೋಣಿಕೊಪ್ಪದ ಅಂಗಡಿಗೆ ಫೋನ್ ಹಚ್ಚಿದರು. "ಬ್ಲೇಡ್ ಇದೆ ಅಣ್ಣ, ಮೂರು ಗಂಟೆ ಬಸ್ಸಿಗೆ ಹಾಕ್ತೀನಿ. ದುಡ್ಡು ಈ ಕಡೆ ಬಂದಾಗ ಕೊಡಿ" ಅಂದರಂತೆ. ಸಂಜೆಗೆ ಬ್ಲೇಡ್ ಬಂತು. ಅದೇ ಹೊತ್ತಿಗೆ ಆನ್‌ಲೈನ್ ಅಂಗಡಿಯಿಂದಲೂ ಮೆಸೇಜ್ ಬಂತು: "ನಿಮ್ಮ ಸ್ಕ್ರೀನ್‌ಶಾಟ್ ಮಸುಕಾಗಿದೆ. ದಯವಿಟ್ಟು ಇನ್ನೊಮ್ಮೆ ಪಾವತಿಸಿ."