ಸತ್ಯಾಂಶ: ಸಂಶೋಧನೆಗೆ ಪಿಎಚ್‌ಡಿವರೆಗೆ ಕಾಯಬೇಕೇ?

‘ಪದವಿ ಓದುವವರ ಸಂಶೋಧನೆ ಬರೀ ಪ್ರಮಾಣಪತ್ರಕ್ಕೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ಸುಳ್ಳು, ಇದನ್ನು ಓದಿ ಸಂಶೋಧನೆಗೆ ಹಿಂಜರಿಯುವ ಮಕ್ಕಳನ್ನು ನೆನೆದರೆ ಬೇಸರವಾಗುತ್ತದೆ.

ಕಾನ್ಪುರ ಐಐಟಿಯ ನೀರಜ್ ಕಯಾಲ್, ನಿತಿನ್ ಸಕ್ಸೇನಾ ಬಿ.ಟೆಕ್. ಪ್ರಾಜೆಕ್ಟಿಗೆ ಆರಿಸಿಕೊಂಡಿದ್ದು ಒಂದು ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂದು ತಿಳಿಯುವ ಪರೀಕ್ಷೆಯನ್ನು. ಮಾರ್ಗದರ್ಶಕರು ಮಣೀಂದ್ರ ಅಗರವಾಲ್. ಮೂಲ ಎಳೆ ಪಿಯುಸಿಯ ದ್ವಿಪದ ಪ್ರಮೇಯದಲ್ಲೇ ಇದೆ: (x + 1)ರ 5ನೇ ಘಾತವನ್ನು ಬಿಡಿಸಿದರೆ ನಡುವಿನ ಸಹಗುಣಕಗಳು 5, 10, 10, 5, ಎಲ್ಲವೂ 5ರಿಂದ ಭಾಗವಾಗುತ್ತವೆ, ಏಕೆಂದರೆ 5 ಅವಿಭಾಜ್ಯ. 4ನೇ ಘಾತದಲ್ಲಿ 4, 6, 4. ಆ 6 ಎಂಬುದು 4ರಿಂದ ಭಾಗವಾಗದು, ಏಕೆಂದರೆ 4 ಅವಿಭಾಜ್ಯವಲ್ಲ. ಬೃಹತ್ ಸಂಖ್ಯೆಗಳಿಗೂ ಒಗ್ಗುವ ದಕ್ಷ ವಿಧಾನವನ್ನು ಮೂವರೂ 2002ರ ಆಗಸ್ಟ್‌ನಲ್ಲಿ, ಶಿಷ್ಯರಿಬ್ಬರು ಪದವಿ ಮುಗಿಸಿದ ಬೆನ್ನಲ್ಲೇ, ಪ್ರಕಟಿಸಿದರು. 2006ರಲ್ಲಿ ಅದಕ್ಕೆ ಸೈದ್ಧಾಂತಿಕ ಕಂಪ್ಯೂಟರ್ ವಿಜ್ಞಾನದ ಗೋಡೆಲ್ ಪ್ರಶಸ್ತಿ ಬಂತು.