ಫ್ಲೆಕ್ಸಿಗೆ ಯಾರನ್ನು ಹಾಕಲಿ?

ಮಂಗಳವಾರ ಬೆಳಗ್ಗೆ ಕಚೇರಿಯಲ್ಲಿ ಕಂಪ್ಯೂಟರ್ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ನಮ್ಮ ಕಮಿಷನರ್ ಕಳುಹಿಸಿದ ಮೇಲ್. ಕಮಿಷನರ್ ಎಂದರೆ ಪೊಲೀಸರೂ ಅಲ್ಲ, ಪಾಲಿಕೆಯವರೂ ಅಲ್ಲ. ನಮ್ಮ ಕಚೇರಿಯ ಫ್ಯಾಂಟಸಿ ಫುಟ್‌ಬಾಲ್ ಲೀಗಿನ ಯಜಮಾನ. ಲೆಕ್ಕಪತ್ರ ವಿಭಾಗದಲ್ಲಿ ಕೂರುವ ಮನುಷ್ಯ. ಯಾರು ಗೆದ್ದರು, ಯಾರು ಸೋತರು ಎಂಬುದು ಎಲ್ಲರ ಮೊಬೈಲಿನಲ್ಲೂ ಇರುತ್ತದೆ, ಅದನ್ನು ಅವನು ಕಳುಹಿಸುವುದಿಲ್ಲ. ಅವನು ಕಳುಹಿಸುವುದು, ಯಾರು ಯಾರು ಎಷ್ಟೆಷ್ಟು ಅಂಕಗಳನ್ನು ಆಡಿಸದೆ ಬೆಂಚಿನ ಮೇಲೆ ಮಲಗಿಸಿದ್ದರು ಎಂಬ ಪಟ್ಟಿ. ದೊಡ್ಡ ದಡ್ಡನಿಂದ ಸಣ್ಣ ದಡ್ಡನವರೆಗೆ, ಇಳಿಕೆಯ ಕ್ರಮದಲ್ಲಿ. ಈ ವಾರ ಮೊದಲ ಹೆಸರು ನನ್ನದು. ಕಳೆದ ವಾರವೂ ನನ್ನದೇ.

ಮೇಲ್ ಕಳುಹಿಸಿ ಸುಮ್ಮನಿದ್ದರೆ ಕ್ಷಮಿಸಬಹುದಿತ್ತು. ಹತ್ತು ಗಂಟೆಗೆ ಕಾಫಿ ತರಲು ಹೋಗುವ ನೆಪದಲ್ಲಿ ನನ್ನ ಮೇಜಿನ ಪಕ್ಕದಲ್ಲೇ ಹಾದುಹೋಗುತ್ತಾನೆ. ಒಂದು ಮಾತೂ ಆಡುವುದಿಲ್ಲ. ನನ್ನ ಕುರ್ಚಿಯ ಬೆನ್ನನ್ನು ಎರಡು ಸಲ ಮೆಲ್ಲಗೆ ತಟ್ಟುತ್ತಾನೆ, ಸಾವಿನ ಮನೆಯಲ್ಲಿ ತಟ್ಟುತ್ತಾರಲ್ಲ, ಹಾಗೆ.

ಈ ಆಟದ ಸುಖದುಃಖ ಗೊತ್ತಿಲ್ಲದ ಪುಣ್ಯವಂತರಿಗೆ ಎರಡು ಮಾತು. ಊರಿನಲ್ಲಿ ಡ್ರೀಮ್ ಇಲೆವೆನ್ ಆಡಿದವರಿಗೆ ಇದು ಅದರ ದಾಯಾದಿ ಎಂದರೆ ಅರ್ಥವಾದೀತು. ಆದರೆ ಅಲ್ಲಿ ಪ್ರತಿ ಪಂದ್ಯಕ್ಕೂ ಹೊಸ ತಂಡ ಕಟ್ಟಬಹುದು, ಇಲ್ಲಿ ಆಗಸ್ಟ್ ಕೊನೆಯಲ್ಲಿ ಒಮ್ಮೆ ಕಟ್ಟಿಕೊಂಡ ಸಂಸಾರವನ್ನು ಕ್ರಿಸ್ಮಸ್ ತನಕ ತೂಗಿಸಬೇಕು. ನಿಜವಾದ ಅಮೆರಿಕನ್ ಫುಟ್‌ಬಾಲಿನ 32 ತಂಡಗಳಿಂದ ಆಯ್ದ ಹದಿನೈದು ಮಂದಿ ನನ್ನವರು. ವಾರಕ್ಕೆ ಒಂಬತ್ತು ಮಂದಿಯನ್ನು ಮಾತ್ರ ಇಳಿಸಬಹುದು, ಆರು ಮಂದಿ ಬೆಂಚಿಗೆ. ಇಳಿದವನು ನಿಜವಾದ ಪಂದ್ಯದಲ್ಲಿ ಚೆಂಡು ಹಿಡಿದು ಹತ್ತು ಯಾರ್ಡ್ ಓಡಿದರೆ ನನಗೆ ಒಂದು ಅಂಕ, ಎದುರಾಳಿ ತಂಡದ ಕಡೆಯ ಗೆರೆ ದಾಟಿ ಟಚ್‌ಡೌನ್ ಹೊಡೆದರೆ ಆರು, ಬರಿದೇ ಒಂದು ಪಾಸ್ ಹಿಡಿದರೂ ನಮ್ಮ ಲೀಗಿನಲ್ಲಿ ಒಂದು. ಬೆಂಚಿನಲ್ಲಿರುವವನು ಮೈದಾನದಲ್ಲಿ ಏನೇ ಮಾಡಿದರೂ ನನಗೆ ಸೊನ್ನೆ. ವಾರಕ್ಕೊಬ್ಬ ಸಹೋದ್ಯೋಗಿ ನನ್ನ ಎದುರಾಳಿ, ಯಾರ ಒಂಬತ್ತು ಮಂದಿಯ ಅಂಕ ಹೆಚ್ಚೋ ಅವರು ಗೆದ್ದಂತೆ.

ಒಂಬತ್ತರಲ್ಲಿ ಎಂಟು ಸ್ಥಾನಗಳ ವಿಷಯದಲ್ಲಿ ಹೆಚ್ಚು ತಲೆಬಿಸಿ ಇಲ್ಲ. ಒಬ್ಬ ಕ್ವಾರ್ಟರ್‌ಬ್ಯಾಕ್, ಚೆಂಡು ಹಿಡಿದು ಓಡುವ ಇಬ್ಬರು ರನ್ನಿಂಗ್ ಬ್ಯಾಕ್, ಪಾಸ್ ಹಿಡಿಯುವ ಇಬ್ಬರು ರಿಸೀವರ್, ಒಬ್ಬ ಟೈಟ್ ಎಂಡ್, ಒಬ್ಬ ಕಿಕ್ಕರ್, ಒಂದು ಡಿಫೆನ್ಸ್. ತಲೆ ತಿನ್ನುವುದು ಒಂಬತ್ತನೆಯದು, ಫ್ಲೆಕ್ಸ್. ನಮ್ಮೂರಿನ ವೃತ್ತದಲ್ಲಿ ಪುಢಾರಿಗಳ ಹುಟ್ಟುಹಬ್ಬಕ್ಕೆ ಕಟ್ಟುವ ಫ್ಲೆಕ್ಸ್ ಅಲ್ಲ ಇದು, ಆದರೆ ಅದರಲ್ಲಿ ಯಾರ ಮುಖ ಹಾಕಬೇಕು ಎಂಬ ಜಗಳ ಮಾತ್ರ ಎರಡೂ ಕಡೆ ಒಂದೇ. ಈ ಜಾಗಕ್ಕೆ ಓಡುವವನನ್ನೂ ಹಾಕಬಹುದು, ಹಿಡಿಯುವವನನ್ನೂ ಹಾಕಬಹುದು. ಸ್ವಾತಂತ್ರ್ಯ ಕೊಟ್ಟು ಕೊಲ್ಲುವುದು ಎಂದರೆ ಇದೇ.

ನನ್ನ ಫ್ಲೆಕ್ಸಿಗೆ ಇಬ್ಬರು ಉಮೇದುವಾರರು. ಒಬ್ಬ ಹೆಸರಾಂತ ಓಟಗಾರ. ಆಗಸ್ಟಿನಲ್ಲಿ ಎಲ್ಲರೂ ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುವಾಗ ಎರಡನೆಯ ಸುತ್ತಿನಲ್ಲೇ ಹೋಗಿ ಹಿಡಿದು ತಂದ ಹಿರಿಯ ಅಳಿಯ, ಇವನನ್ನು ಕೂರಿಸಿದರೆ ಅವಮಾನ. ಇನ್ನೊಬ್ಬ ಯಾರಿಗೂ ಬೇಡವಾಗಿ ಬಿದ್ದಿದ್ದ ಹೊಸ ರಿಸೀವರ್. ಆರನೆಯ ವಾರದಲ್ಲಿ ಬಿಟ್ಟಿಯಾಗಿ ಸಿಕ್ಕಿದ. ಅಳಿಯನಿಗೆ ಕಾಲು ನೋವು. ಗಾಯದ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ 'ಕ್ವೆಶ್ಚನಬಲ್' ಎಂದು ಬರೆದಿರುತ್ತಾರೆ. ಆಡಿದರೂ ಆಡಬಹುದು, ಆಡದೆಯೂ ಇರಬಹುದು ಎಂದರ್ಥ. ಅಷ್ಟನ್ನು ನಮ್ಮೂರಿನ ಗಿಣಿಶಾಸ್ತ್ರದವನೂ ಹೇಳುತ್ತಿದ್ದ. ಮೊದಲು ಇದಕ್ಕಿಂತ ವಾಸಿ ಎನ್ನಲು 'ಪ್ರಾಬಬಲ್' ಎಂಬ ಇನ್ನೊಂದು ಮೆಟ್ಟಿಲಿತ್ತು, 2016ರಲ್ಲಿ ಅದನ್ನೂ ಕಿತ್ತುಹಾಕಿದರು. ನಮ್ಮಂಥವರಿಗೆ ಇದ್ದ ಒಂದೇ ಒಂದು ನೆಮ್ಮದಿ ಅದು.

ಹೀಗಾಗಿ ಕಳೆದ ವಾರವಿಡೀ ಅವನ ಎಡ ಪಾದದ ಕೀಲಿನ ಯೋಗಕ್ಷೇಮ ವಿಚಾರಿಸುತ್ತಿದ್ದೆ. ಬುಧವಾರ ಅಭ್ಯಾಸಕ್ಕೆ ಬರಲಿಲ್ಲ, ಗುರುವಾರ ಬಂದು ಅರ್ಧಕ್ಕೆ ಹೋದ, ಶುಕ್ರವಾರ ಪೂರ್ತಿ ಓಡಿದ. ಊಟದ ಹೊತ್ತಿಗೆ ಹೆಂಡತಿಗೆ ಇದನ್ನೆಲ್ಲ ವರದಿ ಮಾಡಿದೆ. ಅವಳು ಸಾರಿನ ಸೌಟು ಕೆಳಗಿಟ್ಟು, "ನನಗೆ ನವರಾತ್ರಿಯಿಂದ ಮಂಡಿ ನೋವು. ಯಾವ ಮಂಡಿ ಹೇಳಿ ನೋಡೋಣ?" ಎಂದಳು. ಬಲ ಎಂದೆ. ಎಡವಂತೆ. ಆಮೇಲೆ ಬಡಿಸಿದ ಅನ್ನಕ್ಕೆ ಸಾರು ನಾನೇ ಹಾಕಿಕೊಳ್ಳಬೇಕಾಯಿತು.

ಮಂಗಳವಾರ ಅಳಿಯ, ಬುಧವಾರ ಹೊಸ ಹುಡುಗ, ಶುಕ್ರವಾರ ಮತ್ತೆ ಅಳಿಯ. ಶನಿವಾರ ರಾತ್ರಿ ಹನ್ನೊಂದಕ್ಕೆ ಹುಡುಗ, ಹನ್ನೊಂದೂವರೆಗೆ ಅಳಿಯ. ಈ ಹೊತ್ತಿಗೆ ಇಬ್ಬರ ಯೋಗ್ಯತೆಯೂ ನನ್ನ ತಲೆಯಿಂದ ಹಾರಿಹೋಗಿತ್ತು. ಮಾರನೆಯ ದಿನ ಯಾರಿಂದ ಹೆಚ್ಚು ಬೈಸಿಕೊಳ್ಳುತ್ತೇನೆ ಎಂಬುದೊಂದೇ ಲೆಕ್ಕ.

ಭಾನುವಾರ ಗೆಳೆಯರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಕಾರ್ತಿಕ ಮಾಸದಲ್ಲಿ ನ್ಯೂಜೆರ್ಸಿಯಲ್ಲಿರುವ ಕನ್ನಡಿಗನಿಗೆ ಭಾನುವಾರ ಎಲ್ಲಾದರೂ ಒಂದು ಕಡೆ ಪೂಜೆ ಇದ್ದದ್ದೇ. ಪಂದ್ಯಗಳು ಶುರುವಾಗುವುದು ಇಲ್ಲಿನ ಒಂದು ಗಂಟೆಗೆ. ಯಾರು ಆಡುವುದಿಲ್ಲ ಎಂಬ ಕಡೆಯ ಪಟ್ಟಿ ಬರುವುದು ಅದಕ್ಕೆ ಒಂದೂವರೆ ಗಂಟೆ ಮೊದಲು, ಅಂದರೆ ಹನ್ನೊಂದೂವರೆಗೆ. ಪಂದ್ಯ ಶುರುವಾದ ಕ್ಷಣ ಆಟಗಾರನ ಹೆಸರಿನ ಮೇಲೆ ಬೀಗ ಬೀಳುತ್ತದೆ, ಆಮೇಲೆ ಬ್ರಹ್ಮನೂ ಬದಲಾಯಿಸಲಾರ. ಪುರೋಹಿತರ ಮುಹೂರ್ತಕ್ಕೂ ಲೀಗಿನ ಮುಹೂರ್ತಕ್ಕೂ ಇಷ್ಟು ಕರಾರುವಾಕ್ಕಾಗಿ ಗಂಟು ಬಿದ್ದದ್ದನ್ನು ನೋಡಿದರೆ ಇದರಲ್ಲಿ ಕಮಿಷನರನ ಕೈವಾಡವಿದೆಯೇ ಎಂದು ಅನುಮಾನ ಬರುತ್ತದೆ.

ಪೂಜೆ ನಡೆದದ್ದು ನೆಲಮಾಳಿಗೆಯಲ್ಲಿ. ಇಲ್ಲಿನ ಮನೆಗಳಲ್ಲಿ ವಿಶಾಲವಾದ ಜಾಗ ಅದೊಂದೇ, ಮೊಬೈಲಿಗೆ ಸಿಗ್ನಲ್ ಸಿಗದ ಜಾಗವೂ ಅದೇ. ಹನ್ನೊಂದೂವರೆಗೆ ಕೈ ತೊಳೆಯುವ ನೆಪ ಹೇಳಿ ಮೇಲೆ ಹೋಗಿ ನೋಡಿ ಬಂದೆ. ಅಳಿಯ ಆಡುತ್ತಾನೆ. ನಿಶ್ಚಿಂತೆಯಿಂದ ಇಳಿದು ಬಂದು ಶಲ್ಯ ಹೊದ್ದು ಕುಳಿತೆ. ಕಥೆ ಶುರುವಾಯಿತು. ಮೂರನೆಯ ಅಧ್ಯಾಯ ಮುಗಿಯುವಾಗ ತೊಡೆಯ ಕೆಳಗಿಟ್ಟುಕೊಂಡಿದ್ದ ಮೊಬೈಲ್ ಒಮ್ಮೆ ನಡುಗಿತು. ಎಲ್ಲಿಂದಲೋ ಒಂದು ಎಳೆ ಸಿಗ್ನಲ್ ನುಸುಳಿತ್ತು. ಅಳಿಯ ಮೈದಾನಕ್ಕೆ ಇಳಿಯುವುದು ನಿಜ, ಆದರೆ ಅವನನ್ನು ಹೆಚ್ಚು ಓಡಿಸುವುದಿಲ್ಲವಂತೆ.

ಎದ್ದು ಹೋಗೋಣವೆಂದರೆ ನಾಲ್ಕನೆಯ ಅಧ್ಯಾಯ. ಇದನ್ನು ಕೇಳಿದವರಿಗೆ ಗೊತ್ತು, ಗಂಡನ ಹಡಗು ದಡಕ್ಕೆ ಬಂತೆಂದು ಕಲಾವತಿ ಪ್ರಸಾದ ತೆಗೆದುಕೊಳ್ಳದೆ ಓಡುತ್ತಾಳೆ, ಹಡಗು ಗಂಡನ ಸಮೇತ ಮಾಯವಾಗುತ್ತದೆ. ಪುರೋಹಿತರು ಅಲ್ಲಿಗೆ ಬಂದು ಒಂದು ಗಳಿಗೆ ನಿಲ್ಲಿಸಿ, ಅರ್ಧ ಎದ್ದಿದ್ದ ನನ್ನ ಕಡೆ ನೋಡಿ, "ಪ್ರಸಾದ ಬಿಟ್ಟು ಓಡಬಾರದು" ಎಂದು ಒತ್ತಿ ಹೇಳಿದರು. ನಾನು ಕುಳಿತೆ. ಹೆಂಗಸರ ಸಾಲಿನಿಂದ ಹೆಂಡತಿ ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ.

ಮಂಗಳಾರತಿ ಆಗುವಾಗ ಹನ್ನೆರಡು ಐವತ್ತೆರಡು. ತೀರ್ಥ ತೆಗೆದುಕೊಂಡು ಕೈಯನ್ನು ತಲೆಗೆ ಸವರಿಕೊಳ್ಳುವಷ್ಟರಲ್ಲಿ ಮನೆಯೊಡತಿ ಅದೇ ಅಂಗೈಗೆ ಸಜ್ಜಿಗೆ ಇಟ್ಟರು. ಬಾಳೆಹಣ್ಣು, ದ್ರಾಕ್ಷಿ, ಬೆರಳ ಸಂದಿಯಲ್ಲಿ ಇಳಿಯುವಷ್ಟು ತುಪ್ಪ. ಒಂದೇ ತುತ್ತಿಗೆ ನುಂಗಿ ಮೆಟ್ಟಿಲು ಹತ್ತಿದೆ. ಹನ್ನೆರಡು ಐವತ್ತಾರು. ಹೆಬ್ಬೆರಳು ಒತ್ತಿದರೆ ಮೊಬೈಲ್ ನನ್ನನ್ನು ಗುರುತಿಸಲಿಲ್ಲ. ಶಲ್ಯಕ್ಕೆ ಒರೆಸಿ ಒತ್ತಿದೆ. ಗುರುತಿಸಲಿಲ್ಲ. ತುಪ್ಪ ಮನೆಯಲ್ಲೇ ಕಾಯಿಸಿದ್ದು, ಅಷ್ಟು ಸುಲಭಕ್ಕೆ ಬಿಡುವ ಜಾತಿಯದಲ್ಲ. ಎಡಗೈಯ ಬೆರಳುಗಳನ್ನು ಒಂದೊಂದಾಗಿ ಒತ್ತಿದೆ, ಅವನ್ನು ನಾನು ಯಾವತ್ತೂ ದಾಖಲಿಸಿಯೇ ಇರಲಿಲ್ಲ. "ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ" ಎಂದಿತು ಮೊಬೈಲ್. ಕಡೆಗೆ ಗುಪ್ತಸಂಖ್ಯೆ ಒತ್ತಿ, ಒಂದನ್ನು ತಪ್ಪಾಗಿ ಒತ್ತಿ, ಮತ್ತೆ ಒತ್ತಿ ಒಳಗೆ ಹೋದಾಗ ಹನ್ನೆರಡು ಐವತ್ತೊಂಬತ್ತು. ಅಳಿಯನ ಹೆಸರನ್ನು ಮುಟ್ಟಿದೆ. ಹುಡುಗನ ಹೆಸರನ್ನು ಮುಟ್ಟಬೇಕು. ಪರದೆಯ ಮೇಲೆ ತುಪ್ಪದ ಪದರದ ಹಿಂದೆ ಹುಡುಗ ಮಸುಕಾಗಿ ಕಾಣುತ್ತಿದ್ದ. ಮುಟ್ಟಿದೆ. ಸಣ್ಣ ಚಕ್ರವೊಂದು ಮಂಗಳಾರತಿಯಂತೆ ಸುತ್ತತೊಡಗಿತು. ಸುತ್ತಿತು, ಸುತ್ತಿತು. ನಿಂತಾಗ ಇಬ್ಬರ ಹೆಸರಿನ ಪಕ್ಕದಲ್ಲೂ ಪುಟ್ಟ ಬೀಗ.

ಮುಂದಿನದು ಅಂಕಿಅಂಶ. ಅಳಿಯ ಏಳು ಸಲ ಓಡಿ 19 ಯಾರ್ಡ್, ಒಂದು ಪಾಸ್ ಹಿಡಿದು 5 ಯಾರ್ಡ್, ಒಟ್ಟು 3.4 ಅಂಕ. ಗೆರೆಗೆ ಒಂದೇ ಒಂದು ಯಾರ್ಡ್ ಬಾಕಿ ಇರುವಾಗ ಅವನನ್ನು ಹೊರಗೆ ಕರೆದು, ಗೋಡೆಯಂಥ ಇನ್ನೊಬ್ಬನನ್ನು ಕಳುಹಿಸಿ ಟಚ್‌ಡೌನ್ ಹೊಡೆಸಿದರು. ಇಂಥವನನ್ನು ಇಲ್ಲಿ ರಣಹದ್ದು ಎನ್ನುತ್ತಾರೆ. ಅಡುಗೆ ಒಬ್ಬರದು, ಬಡಿಸಿ ಹೊಗಳಿಸಿಕೊಳ್ಳುವವರು ಇನ್ನೊಬ್ಬರು. ಬೆಂಚಿನಲ್ಲಿದ್ದ ಹುಡುಗ ಎಂಟು ಪಾಸ್ ಹಿಡಿದು 112 ಯಾರ್ಡ್, ಜೊತೆಗೆ ಒಂದು ಟಚ್‌ಡೌನ್. 25.2. ಕಥೆಯ ಸಾಧು ವರ್ತಕ ತನ್ನ ಹಡಗಿನಲ್ಲಿ ಬರೀ ಎಲೆಬಳ್ಳಿ ಇದೆ ಎಂದು ಸನ್ಯಾಸಿಗೆ ಸುಳ್ಳು ಹೇಳಿದ್ದಕ್ಕೆ ಅವನ ಐಶ್ವರ್ಯವೆಲ್ಲ ಎಲೆಬಳ್ಳಿಯಾಯಿತು. ನಾನು ಕೈ ತೊಳೆಯಲು ಹೋಗುತ್ತೇನೆ ಎಂದಷ್ಟೇ ಹೇಳಿದ್ದು.

ಆದರೂ ಸೋಮವಾರ ರಾತ್ರಿಯವರೆಗೆ 6.4 ಅಂಕ ಮುಂದಿದ್ದೆ. ಎದುರಾಳಿಗೆ ಉಳಿದಿದ್ದವನು ಒಬ್ಬ ಕಿಕ್ಕರ್ ಮಾತ್ರ. ಅವನು 11 ತಂದ. ನಾನು 118.2, ಎದುರಾಳಿ 122.8. ಆ ಹುಡುಗನನ್ನು ಇಳಿಸಿದ್ದರೆ ಸರಿಯಾಗಿ 140. ಎದುರಾಳಿ ಯಾರೆಂದು ಹೇಳಲಿಲ್ಲ ಅಲ್ಲವೇ? ಕಮಿಷನರ್.

ಇಷ್ಟಕ್ಕೆಲ್ಲ ಮೂಲ ಯಾರೆಂದು ಹುಡುಕಿದರೆ ಸಿಗುವುದು ಬಿಲ್ ವಿಂಕೆನ್‌ಬಾಕ್ ಎಂಬ ಮಹಾನುಭಾವ, ಓಕ್ಲ್ಯಾಂಡ್ ರೈಡರ್ಸ್ ತಂಡದ ಪಾಲುದಾರ. 1962ರಲ್ಲಿ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಗೆಳೆಯರೊಂದಿಗೆ ಕುಳಿತು ಈ ಆಟದ ನಿಯಮ ಬರೆದರಂತೆ. ಆ ವರ್ಷ ರೈಡರ್ಸ್ ಆಡಿದ 14 ಪಂದ್ಯಗಳಲ್ಲಿ ಸೋತದ್ದು 13. ಇಂಥ ಕಲ್ಪನೆ ಗೆಲ್ಲುತ್ತಿರುವವನ ತಲೆಯಲ್ಲಿ ಹುಟ್ಟುವುದಿಲ್ಲ. ನಿಜವಾದ ಗೆಲುವಿಗೂ ನಮ್ಮ ಗೆಲುವಿಗೂ ಸಂಬಂಧವಿಲ್ಲ ಎಂಬುದೂ ಹಳೆಯ ಮಾತು. 2007ರ ಡಿಸೆಂಬರಿನಲ್ಲಿ ಫಿಲಡೆಲ್ಫಿಯಾದ ಬ್ರಯನ್ ವೆಸ್ಟ್‌ಬ್ರೂಕ್ ಡಲ್ಲಾಸ್ ಎದುರು ತಡೆಯುವವರಿಲ್ಲದೆ ಓಡಿ ಬಂದು, ಗೆರೆಗೆ ಒಂದು ಯಾರ್ಡ್ ಇರುವಾಗ ಬೇಕೆಂದೇ ನಿಂತುಬಿಟ್ಟ. ಟಚ್‌ಡೌನ್ ಹೊಡೆದರೆ ಚೆಂಡು ಎದುರಾಳಿಗೆ ಹೋಗುತ್ತದೆ, ನಿಂತರೆ ಹೊತ್ತು ಕಳೆದು ಪಂದ್ಯ ಮುಗಿಯುತ್ತದೆ ಎಂಬ ಜಾಣತನ. ತಂಡ 10-6ರಿಂದ ಗೆದ್ದಿತು. ಅವನನ್ನು ನಂಬಿ ಇಳಿಸಿದ್ದವರಿಗೆ ಬರಬೇಕಿದ್ದ ಆರು ಅಂಕ ಆ ಒಂದು ಯಾರ್ಡ್ ಹುಲ್ಲಿನ ಮೇಲೆ ಉಳಿಯಿತು. ಅದನ್ನು ನೆನೆದರೆ ನನಗೆ ಈಗಲೂ ಸ್ವಲ್ಪ ಸಮಾಧಾನ.

ಬೆಂಚು ನನಗೆ ಹೊಸದಲ್ಲ. ತಿಪಟೂರಿನ ಹೈಸ್ಕೂಲಿನಲ್ಲಿ ಕ್ರಿಕೆಟ್ ತಂಡಕ್ಕೆ ನಾನು ಹನ್ನೆರಡನೆಯವನು. ಎರಡು ವರ್ಷ, ಒಂದು ಪಂದ್ಯಕ್ಕೂ ಇಳಿಯದ ಹನ್ನೆರಡನೆಯವನು. ಪಂದ್ಯ ಶುರುವಾಗುವ ಮೊದಲು ಎಲ್ಲರೂ ಬಂದು ಸೈಕಲ್ಲಿನ ಕೀಲಿಗಳನ್ನು ನನ್ನ ಕೈಗೆ ಕೊಟ್ಟು ಹೋಗುತ್ತಿದ್ದರು. ಹನ್ನೊಂದು ಕೀಲಿಗಳ ಭಾರಕ್ಕೆ ಬಿಳಿ ಚಡ್ಡಿಯ ಜೇಬು ಒಂದು ಕಡೆಗೆ ಜೋಲುತ್ತಿತ್ತು. ಹುಣಸೆ ಮರದ ಕೆಳಗೆ ಕುಳಿತು, ಯಾವನಾದರೂ ಜಾರಿ ಬೀಳಲಿ, ದೊಡ್ಡ ಗಾಯ ಬೇಡ, ಕಾಲು ಉಳುಕಿದರೆ ಸಾಕು ಎಂದು ಬೇಡಿಕೊಳ್ಳುತ್ತಿದ್ದೆ. ಪಿ.ಟಿ. ಮೇಷ್ಟ್ರು ಒಮ್ಮೆಯಾದರೂ ಈ ಕಡೆ ನೋಡಿದರೆ ಎದ್ದು ನಿಲ್ಲಲು ಸಿದ್ಧನಾಗಿ ಲೇಸ್ ಬಿಗಿದುಕೊಂಡೇ ಇರುತ್ತಿದ್ದೆ. ನನ್ನನ್ನು ಯಾರು ಕೂರಿಸಿದರು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಈ ರಿಸೀವರ್ ಹುಡುಗನಿಗೆ ಅದೂ ಗೊತ್ತಿಲ್ಲ. ತುಪ್ಪದ ಕೈಯವನೊಬ್ಬ ತನ್ನನ್ನು ಬೆಂಚಿನಲ್ಲಿ ಮರೆತಿದ್ದಾನೆಂಬ ಸುಳಿವೇ ಇಲ್ಲದೆ ಚೆಂಡನ್ನು ನೆಲಕ್ಕೆ ಬಡಿದು, ಸೊಂಟ ಕುಣಿಸಿ, ಪ್ರೇಕ್ಷಕರ ಕಡೆಗೆ ಕೈ ಬೀಸಿದ. ಗೆಳೆಯರ ಮನೆಯ ಟಿವಿಯಲ್ಲಿ ಅದನ್ನು ಮೂರು ಸಲ ತೋರಿಸಿದರು. ಮೂರನೆಯ ಸಲ ನನಗೂ ಚಪ್ಪಾಳೆ ಹೊಡೆಯಬೇಕೆನಿಸಿತು.

ಈ ವಾರ ಮಾತ್ರ ನಾನು ಚಂಚಲನಾಗಲಿಲ್ಲ. ಮಂಗಳವಾರ ಕುರ್ಚಿ ತಟ್ಟಿಸಿಕೊಂಡಾಗಲೇ ತೀರ್ಮಾನಿಸಿದ್ದೆ. ಯಾರ ಸಲಹೆಯನ್ನೂ ಓದಲಿಲ್ಲ, ಯಾರ ಕೀಲಿನ ಕುಶಲವನ್ನೂ ಕೇಳಲಿಲ್ಲ. ಇಂದು ಶನಿವಾರ ರಾತ್ರಿ ಊಟವಾದ ಮೇಲೆ, ಸೋಪು ಹಾಕಿ ತೊಳೆದು ಒರೆಸಿದ ಕೈಯಿಂದ, ಹುಡುಗನನ್ನು ಫ್ಲೆಕ್ಸಿಗೆ ಹಾಕಿ ಅಳಿಯನನ್ನು ಬೆಂಚಿಗೆ ತಳ್ಳಿದೆ. ಹುಡುಗನ ಹೆಸರಿನ ಪಕ್ಕದಲ್ಲಿ ಎದುರಾಳಿ ತಂಡದ ಹೆಸರಿರಬೇಕಾದ ಕಡೆ ಕೆಂಪಕ್ಷರದಲ್ಲಿ 'ಬೈ' ಎಂದಿತ್ತು. ಎಲ್ಲ ತಂಡಗಳಿಗೂ ವರ್ಷಕ್ಕೊಂದು ವಾರ ರಜೆ ಕೊಡುತ್ತಾರೆ. ಅವನ ತಂಡದ್ದು ಈ ವಾರ.

ನಾಳೆ ಮತ್ತೆ ಅಳಿಯನೇ. ಕೀಲು ವಾಸಿಯಾಗಿದೆಯಂತೆ, ಈಗ ನೋವಿರುವುದು ಎಡ ಮಂಡಿಗೆ. ಎಡ ಎಂದು ಹೆಂಡತಿಗೂ ಹೇಳಿದೆ. ಅವಳು ತನ್ನ ಮಂಡಿಯ ಮಾತೆಂದುಕೊಂಡು ಸಂತೋಷಪಟ್ಟಳು, ನಾನು ತಿದ್ದಲಿಲ್ಲ.