ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತದೆ?

ಬೆಂಗಳೂರಿನ ನೆಂಟರು ಮುಂಬೈ, ಠಾಣೆಯ ಕನ್ನಡಿಗರನ್ನು ಕೇಳುವುದುಂಟು: "ಇನ್ನೂ ಗ್ಯಾಸ್ ಗಾಡೀಲೇ ಇದೀರಾ? ಎಲೆಕ್ಟ್ರಿಕ್ ತಗೋಬಾರದಾ?" ಇಲ್ಲಿ ಮುಂಬೈಯವರಿಗೆ ಬೆಂಗಳೂರಿನವರ ಮೇಲೆ ಅಷ್ಟೇ ಅಚ್ಚರಿ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಪೆಟ್ರೋಲ್ ಸುಡುತ್ತಾ ಕೂರುವವರು ಸಿಎನ್‌ಜಿ ಯಾಕೆ ಹಾಕಿಸಿಕೊಳ್ಳುವುದಿಲ್ಲ ಅಂತ. ಇಬ್ಬರ ಮಾತೂ ಅವರವರ ಊರಿನ ಮಟ್ಟಿಗೆ ಸರಿ. ಆದರೆ ಬರೀ ಮೈಲೇಜ್ ನೋಡಿ ಗಾಡಿ ಆರಿಸಿದರೆ ಲೆಕ್ಕ ಅರ್ಧಕ್ಕೇ ನಿಂತ ಹಾಗೆ. ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಮೊದಲು ನೋಡಬೇಕು ಎಂಬುದು ನನ್ನ ಅನಿಸಿಕೆ.

ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿನ ಮನೆಯಲ್ಲಿ ಗಾಡಿ ಗೇಟಿನ ಒಳಗೆ, ಕರೆಂಟ್ ಮೀಟರು ಅಲ್ಲಿಂದ ಹತ್ತು ಹೆಜ್ಜೆ. ಮುಂಬೈಯಲ್ಲಿ ಬಹಳ ಕಡೆ ಸ್ಟ್ಯಾಕ್ ಪಾರ್ಕಿಂಗ್. ಕಬ್ಬಿಣದ ಹಲಗೆಯ ಮೇಲೆ ಒಂದು ಕಾರು, ಅದರ ಕೆಳಗೆ ಇನ್ನೊಬ್ಬರ ಕಾರು. ಏರಿಳಿಯುವ ಹಲಗೆಗೆ ಚಾರ್ಜರಿನ ತಂತಿ ಎಳೆಯುವುದು ಎಲ್ಲರೂ ಮಾಡಬಲ್ಲ ಕೆಲಸವಲ್ಲ. ಗ್ಯಾಸಿನ ಮಾತು ಬಂದರೆ ಇದು ತಿರುಗುಮುರುಗು. ಇಲ್ಲಿ ಸಿಎನ್‌ಜಿ ಪೂರೈಸುವ ಮಹಾನಗರ್ ಗ್ಯಾಸ್ ಕಂಪನಿ ಶುರುವಾದದ್ದು 1995ರಲ್ಲಿ. ಬೆಂಗಳೂರಿಗೆ ಗ್ಯಾಸ್ ತರುವ ಕೊಳವೆ ತಯಾರಾದದ್ದು 2013ಕ್ಕೆ, ಅದೂ ಮಹಾರಾಷ್ಟ್ರದ ಕರಾವಳಿಯ ದಾಭೋಳದಿಂದ ಸುಮಾರು ಸಾವಿರ ಕಿ.ಮೀ. ದೂರ ಹಾದು. ಅಲ್ಲಿ ಬಂಕುಗಳು ಹೆಚ್ಚಿದ್ದು ಆಮೇಲೆ.

ಈಗ ಖರ್ಚು ನೋಡೋಣ. ದರಗಳು ಏರಿಳಿಯುತ್ತವೆ, ಲೆಕ್ಕಕ್ಕೆ ಮಾತ್ರ ಪೆಟ್ರೋಲ್ ಲೀಟರಿಗೆ 104 ರೂ., ಸಿಎನ್‌ಜಿ ಕೆ.ಜಿ.ಗೆ 80 ರೂ., ಮನೆಯ ಕರೆಂಟ್ ಯೂನಿಟ್ಟಿಗೆ 8 ರೂ. ಎಂದು ಹಿಡಿಯಿರಿ. ನಗರದೊಳಗೆ ಸಣ್ಣ ಪೆಟ್ರೋಲ್ ಕಾರು ಲೀಟರಿಗೆ 15 ಕಿ.ಮೀ. ಓಡಿದರೆ ಕಿ.ಮೀ.ಗೆ 6.90 ರೂ. ಚಿಲ್ಲರೆ ಬೀಳುತ್ತದೆ. ಅದೇ ಕಾರಿನ ಸಿಎನ್‌ಜಿ ಮಾಡೆಲ್ ಕೆ.ಜಿ.ಗೆ 24 ಕಿ.ಮೀ. ಕೊಟ್ಟರೆ 3.33 ರೂ. ಉಳಿತಾಯ ಹತ್ತಿರ ಹತ್ತಿರ 3.60. ಸಿಎನ್‌ಜಿ ಮಾಡೆಲ್ಲಿಗೆ ಮೇಲೆ ಕೊಡುವ ಹಣ 95,000 ರೂ. ಇದ್ದರೆ ಅದು ವಾಪಸು ಬರಲು 26,000 ಕಿ.ಮೀ. ದಾಟಬೇಕು. ತಿಂಗಳಿಗೆ ಸಾವಿರ ಕಿ.ಮೀ. ಓಡಿಸುವವರಿಗೆ ಎರಡು ವರ್ಷ ಎರಡು ತಿಂಗಳು ಸಾಕು. ವಾರಕ್ಕೊಮ್ಮೆ ಗಾಡಿ ತೆಗೆದು ತಿಂಗಳಿಗೆ 500 ಕಿ.ಮೀ. ಮಾಡುವವರಿಗೆ ನಾಲ್ಕೂವರೆ ವರ್ಷ ಹಿಡಿಯುತ್ತದೆ. ಅಂಥವರು ಪೆಟ್ರೋಲಿನಲ್ಲೇ ಇರುವುದು ಲೇಸು.

ಎಲೆಕ್ಟ್ರಿಕ್ ಕಾರಿನಲ್ಲಿ ಚಾರ್ಜ್ ಮಾಡುವಾಗಿನ ನಷ್ಟವನ್ನೂ ಸೇರಿಸಿಕೊಂಡರೆ ಮೀಟರಿನ ಒಂದು ಯೂನಿಟ್ಟಿಗೆ ನಗರದಲ್ಲಿ 6 ಕಿ.ಮೀ. ನಂಬಬಹುದು. ಮನೆಯಲ್ಲಿ ಚಾರ್ಜ್ ಆದರೆ ಕಿ.ಮೀ.ಗೆ 1.33 ರೂ. ಹೊರಗಿನ ಫಾಸ್ಟ್ ಚಾರ್ಜರಿನಲ್ಲಿ ಶೇ. 18 ಜಿಎಸ್‌ಟಿ ಸೇರಿ ಯೂನಿಟ್ಟಿಗೆ 20 ರೂ. ಆಯಿತೆನ್ನಿ, ಅದೇ ಗಾಡಿಗೆ 3.33 ರೂ. ಬೀಳುತ್ತದೆ. ಅಂದರೆ ಸಿಎನ್‌ಜಿಗೆ ಸರಿಸಮ! ಮೂರು-ನಾಲ್ಕು ಲಕ್ಷ ಹೆಚ್ಚು ಕೊಟ್ಟು ತಂದ ಗಾಡಿಯಿಂದ ಇಂಧನದ ಲೆಕ್ಕದಲ್ಲಿ ಏನೂ ಗಿಟ್ಟಲಿಲ್ಲ. ಮನೆಯಲ್ಲಿ ಪ್ಲಗ್ ಇಲ್ಲದವರು ಎಲೆಕ್ಟ್ರಿಕ್ ತಗೊಳ್ಳುವ ಮುಂಚೆ ಈ ಒಂದು ಸಾಲನ್ನು ಕಾಗದದ ಮೇಲೆ ಬರೆದು ನೋಡಲೇಬೇಕು. 2025ರ ಸೆಪ್ಟೆಂಬರಿನಿಂದ ಸಣ್ಣ ಪೆಟ್ರೋಲ್, ಸಿಎನ್‌ಜಿ ಕಾರುಗಳ ಜಿಎಸ್‌ಟಿ ಶೇ. 18ಕ್ಕೆ ಇಳಿದಿದೆ, ಎಲೆಕ್ಟ್ರಿಕ್‌ಗೆ ಮೊದಲಿನಂತೆ ಶೇ. 5. ಹಾಗಾಗಿ ಬೆಲೆಯ ಅಂತರ ಮೊದಲಿಗಿಂತ ದೊಡ್ಡದಾಗಿದೆ.

ಪ್ಲಗ್ ಇದೆ ಎಂದಾಕ್ಷಣ ಕೆಲಸ ಮುಗಿಯಲಿಲ್ಲ. 3.3 ಕಿಲೋವ್ಯಾಟ್ ಚಾರ್ಜರ್ ಎಂಟು-ಹತ್ತು ಗಂಟೆ ಒಂದೇ ಸಮನೆ 14-15 ಆಂಪಿಯರ್ ಎಳೆಯುತ್ತದೆ. ಗೀಸರಿಗೆ ಹಾಕಿದ್ದ ಹಳೇ 16 ಆಂಪಿಯರ್ ಸಾಕೆಟ್ ಹದಿನೈದು ನಿಮಿಷದ ಕೆಲಸಕ್ಕೆ ಒಗ್ಗಿಕೊಂಡದ್ದು. ಕೆಲವು ತಿಂಗಳಲ್ಲೇ ಅದರ ಒಂದು ತೂತಿನ ಸುತ್ತ ಬಿಳಿ ಪ್ಲಾಸ್ಟಿಕ್ ಚಹಾದ ಬಣ್ಣಕ್ಕೆ ತಿರುಗುವುದುಂಟು. ಪ್ಲಗ್ ಕಿತ್ತಾಗ ಪಿನ್ನು ಬೆರಳು ತಾಗಿಸಲಾರದಷ್ಟು ಬಿಸಿ. ಒಳಗೆ ತಂತಿಯ ಸ್ಕ್ರೂ ಇಲ್ಲವೇ ಪಿನ್ನಿನ ಹಿಡಿತ ಸಡಿಲವಾಗಿರಬಹುದು. ಅವತ್ತೇ ನಿಲ್ಲಿಸಿ ಇಂಡಸ್ಟ್ರಿಯಲ್ ಸಾಕೆಟ್ ಹಾಕಿಸಬೇಕು. ಎಕ್ಸ್‌ಟೆನ್ಶನ್ ಬೋರ್ಡ್ ಎಂದೆಂದಿಗೂ ಬೇಡ. 7.2 ಕಿಲೋವ್ಯಾಟ್ ಚಾರ್ಜರಾದರೆ 32 ಆಂಪಿಯರ್. ಮೀಟರು ರೂಮಿನಿಂದ ಪಾರ್ಕಿಂಗಿಗೆ 50 ಮೀಟರ್ ಇದ್ದರೆ 6 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ ಹತ್ತು ವೋಲ್ಟ್ ದಾರಿಯಲ್ಲೇ ಸೋರುತ್ತದೆ, 10 ಚದರ ಮಿ.ಮೀ. ಹಾಕಿದರೆ ಆರು. ಎಲೆಕ್ಟ್ರಿಷಿಯನ್ ಸಣ್ಣ ತಂತಿ ಸಾಕು ಅಂದರೂ ದೊಡ್ಡದನ್ನೇ ಎಳೆಸಿ. ಅದರ ಜೊತೆ 40 ಆಂಪಿಯರಿನ ಬ್ರೇಕರ್, ಕರೆಂಟ್ ಸೋರಿದ ಕೂಡಲೇ ಕಡಿಯುವ 30 ಮಿಲಿಆಂಪಿಯರಿನ ಲೀಕೇಜ್ ರಕ್ಷಣೆ, ಸರಿಯಾದ ಅರ್ಥಿಂಗ್ ಬೇಕು. ಅರ್ಥಿಂಗ್ ಕೆಟ್ಟಿದ್ದರೆ ಎಷ್ಟೋ ಚಾರ್ಜರುಗಳು ಕೆಂಪು ದೀಪ ತೋರಿಸಿ ಸುಮ್ಮನಾಗುತ್ತವೆ. ಚಾರ್ಜರೇ ಹಾಳು ಎಂದು ಜನ ಕಂಪನಿಗೆ ಹಿಂದಿರುಗಿಸಿಬಿಡುತ್ತಾರೆ.

ಗ್ಯಾಸ್ ಗಾಡಿಯ ತಾಪತ್ರಯ ಬೇರೆ ಬಗೆಯದು. 60 ಲೀಟರಿನ ಸಿಲಿಂಡರ್ ಅಂದರೆ ಅದು ಅದರಲ್ಲಿ ನೀರು ಹಿಡಿಯುವ ಅಳತೆ. 200 ಬಾರ್ ಒತ್ತಡದಲ್ಲಿ ಹಿಡಿಯುವ ಗ್ಯಾಸ್ ಎಂಟು-ಒಂಬತ್ತು ಕೆ.ಜಿ. ಅಷ್ಟೆ. ಡಿಕ್ಕಿಯಲ್ಲಿ ಸಿಲಿಂಡರ್ ಮಲಗಿದರೆ ಊರಿಗೆ ಒಯ್ಯುವ ಸೂಟ್‌ಕೇಸ್ ಹಿಂದಿನ ಸೀಟಿಗೆ ಬರುತ್ತದೆ. ಟಾಟಾದವರ ಹಾಗೆ 30 ಲೀಟರಿನ ಎರಡು ಸಿಲಿಂಡರನ್ನು ಕೆಳಗೆ ಅಡಗಿಸಿಟ್ಟ ಗಾಡಿಯಾದರೆ ಡಿಕ್ಕಿ ಸ್ವಲ್ಪ ಉಳಿಯುತ್ತದೆ.

ಉಡುಪಿ-ಮಂಗಳೂರು ಕಡೆಯ ಮುಂಬೈ ಕನ್ನಡಿಗರು ಬೇಸಿಗೆಯಲ್ಲಿ ಊರಿಗೆ ಹೊರಟರೆ ಒಂಬೈನೂರು ಕಿ.ಮೀ. ಆಸುಪಾಸಿನ ದಾರಿ. ಹೆದ್ದಾರಿಯಲ್ಲಿ ಕೆ.ಜಿ.ಗೆ 28 ಕಿ.ಮೀ. ಎಂದರೂ ಒಂದು ತುಂಬಿಗೆ 240 ಕಿ.ಮೀ. ಅದೂ ಪೂರ್ತಿ ತುಂಬಿದರೆ. ಕೊಳವೆ ನೇರವಾಗಿ ಬಾರದ ಕಡೆ ಗ್ಯಾಸ್ ಲಾರಿಯಲ್ಲಿ ಸಿಲಿಂಡರುಗಳ ಸಾಲಾಗಿ ಬರುತ್ತದೆ, ಇಂಥ ಬಂಕುಗಳನ್ನು ಡಾಟರ್ ಸ್ಟೇಷನ್ ಅನ್ನುತ್ತಾರೆ. ಲಾರಿಯ ಸಿಲಿಂಡರು ಖಾಲಿಯಾಗುತ್ತಾ ಬಂದ ಹಾಗೆ ಒತ್ತಡ ಇಳಿದು ನಿಮ್ಮ ಗಾಡಿಗೆ 150 ಬಾರ್ ಸಿಕ್ಕರೆ ಆರು ಕೆ.ಜಿ.ಗೇ ನಾಝಲ್ ನಿಲ್ಲುತ್ತದೆ. ತೂಕಕ್ಕೆ ದುಡ್ಡು ಕೊಡುವುದರಿಂದ ಮೋಸವೇನಿಲ್ಲ, ಮುಂದಿನ ಸಾಲು ಬೇಗ ಬರುತ್ತದೆ ಅಷ್ಟೇ. "ಪ್ರೆಷರ್ ಎಷ್ಟಿದೆ?" ಎಂದು ಸಾಲಿಗೆ ನಿಲ್ಲುವ ಮೊದಲೇ ಕೇಳುವುದು ಇಲ್ಲಿ ಎಲ್ಲರಿಗೂ ರೂಢಿ. ಕರ್ನಾಟಕದಲ್ಲಿ ಹೊಸದಾಗಿ ಸಿಎನ್‌ಜಿ ತಗೊಂಡವರೂ ಅದನ್ನು ರೂಢಿಸಿಕೊಳ್ಳಲಿ.

ಗ್ಯಾಸ್ ಗಾಡಿಯಲ್ಲೂ ಪೆಟ್ರೋಲ್ ಟ್ಯಾಂಕನ್ನು ಕಾಲು ಭಾಗಕ್ಕಿಂತ ಕೆಳಗೆ ಬಿಡಬಾರದು. ಬಹಳಷ್ಟು ಗಾಡಿಗಳು ಶುರುವಾಗುವುದು ಪೆಟ್ರೋಲಿನಲ್ಲಿ, ಟ್ಯಾಂಕಿನೊಳಗಿನ ಪಂಪ್ ತಣ್ಣಗಿರುವುದೂ ಪೆಟ್ರೋಲಿನಿಂದಲೇ. ದುಡ್ಡು ಉಳಿಸಲು ಎರಡು ಲೀಟರಿನಲ್ಲಿ ತಿಂಗಳುಗಟ್ಟಲೆ ಓಡಿಸಿದರೆ ಆ ಪಂಪ್ ಸುಡುತ್ತದೆ. ಒಂದು ಲೀಟರಿನ ಎಂಜಿನ್ನಿನಲ್ಲಿ ಗ್ಯಾಸ್ ಹತ್ತು ಹಾರ್ಸ್‌ಪವರ್ ಕಡಿಮೆ ಮಾಡುತ್ತದೆ, ವ್ಯಾಗನಾರ್‌ನಲ್ಲಿ 67 ಇದ್ದದ್ದು 57 ಆಗುತ್ತದೆ. ಅಂಕೋಲಾ ದಾರಿಯ ಅರಬೈಲು ಘಾಟಿಯಲ್ಲಿ ಐದು ಜನರನ್ನು ಕೂರಿಸಿಕೊಂಡು ಲಾರಿಯನ್ನು ಹಿಂದಿಕ್ಕುವ ಮೊದಲು ಸ್ವಿಚ್ ಒತ್ತಿ ಪೆಟ್ರೋಲಿಗೆ ಬನ್ನಿ. ನಾಲ್ಕು ರೂಪಾಯಿಗೆ ಯೋಚಿಸುವ ಜಾಗ ಅದಲ್ಲ.

ಒಂದೇ ಇಂಧನವನ್ನು ನೆಚ್ಚಿಕೊಂಡರೆ ಊರಿಗೆ ಊರೇ ನಿಲ್ಲುವುದೂ ಉಂಟು. 2025ರ ನವೆಂಬರಿನಲ್ಲಿ ವಡಾಲಾಕ್ಕೆ ಗ್ಯಾಸ್ ತರುವ ಕೊಳವೆಗೆ ಪೆಟ್ಟಾಗಿ ಮುಂಬೈಯ ಆಟೋ, ಟ್ಯಾಕ್ಸಿಗಳು ಪಂಪುಗಳ ಮುಂದೆ ಸಾಲುಗಟ್ಟಿದವು. ಟ್ಯಾಂಕಿನಲ್ಲಿ ಪೆಟ್ರೋಲ್ ಇಟ್ಟಿದ್ದವರ ಕೆಲಸ ಕೆಡಲಿಲ್ಲ.

ಮುಂಬೈ ಗಾಡಿಯನ್ನು ಊರಿಗೇ ಒಯ್ದು ಇಟ್ಟುಕೊಳ್ಳುವವರಿಗೆ ಎರಡು ಮಾತು. ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟರೆ ಅಲ್ಲಿ ಹೊಸದಾಗಿ ನೋಂದಣಿ ಮಾಡಿಸಬೇಕು, ಕರ್ನಾಟಕದ ಜೀವಾವಧಿ ತೆರಿಗೆ ದೇಶದಲ್ಲೇ ಭಾರವಾದವುಗಳ ಸಾಲಿನದು. ಆರ್‌ಟಿಒದ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಹೊರಡುವ ಮೊದಲೇ ಮಾಡಿಸಿಕೊಳ್ಳಿ. ಗ್ಯಾಸ್ ಕಿಟ್ ಕಂಪನಿಯದಲ್ಲದೆ ಹೊರಗಿನ ಗ್ಯಾರೇಜಿನಲ್ಲಿ ಹಾಕಿಸಿದ್ದಾದರೆ ಆರ್‌ಸಿಯಲ್ಲೂ ವಿಮೆಯಲ್ಲೂ ಅದು ನಮೂದಾಗಿದೆಯೇ ನೋಡಿ. ಇಲ್ಲದಿದ್ದರೆ ಅಪಘಾತವಾದಾಗ ವಿಮೆಯ ಹಣಕ್ಕೆ ಕುತ್ತು. ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆ ಕಡ್ಡಾಯ. ಗ್ಯಾಸ್ ತುಂಬುವ ಬಾಯಿಯ ಪಕ್ಕದ ಪುಟ್ಟ ತಗಡಿನಲ್ಲಿ ಮುಂದಿನ ತಾರೀಕು ಬರೆದಿರುತ್ತದೆ. ಅದು ದಾಟಿದ್ದರೆ ಪಂಪಿನವನು ನಾಝಲ್ ಕೊಕ್ಕೆಗೆ ವಾಪಸು ಹಾಕುತ್ತಾನೆ, ಅದೂ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತ ಮೇಲೆ.